ಏಳನೇ ಪಾಠದ ಊಟ

ಏಪ್ರಿಲ್ 24, 2023, ಸೋಮವಾರ. ಕ್ಯಾರಿ, ನಾರ್ತ್ ಕ್ಯಾರೊಲೈನಾ

ರಂಜಾನ್ ಹಬ್ಬದ ಪಾತ್ರೆಗಳನ್ನೆಲ್ಲ ತೊಳೆದು ಒಳಗಿಟ್ಟು ಉಸ್ಸಪ್ಪಾ ಅಂತ ಕೂತಿದ್ದೆ, ಫೋನ್ ಬಂತು. ವರ್ಜೀನಿಯಾದ ಸೆಂಟರ್‌ವಿಲ್‌ನಿಂದ ರಾಜಿ. "ತ್ಯಾಗರಾಜ ಮೇಷ್ಟ್ರು ಹೋಗ್ಬಿಟ್ರಂತೆ ಕಣೇ ಬದ್ರು. ತೊಂಬತ್ತೊಂದು ವರ್ಷ. ನಿದ್ದೇಲೇ ಹೋದ್ರಂತೆ."

ಅಯ್ಯೋ ಪಾಪ ಅನ್ನಿಸಿತು, ಹಿಂದೆಯೇ ನಗು ಬಂತು. ಮೇಷ್ಟ್ರನ್ನು ನೆನೆದು ನಗದೆ ಇರುವುದು ನನ್ನಿಂದಾಗದು. ಮೈಸೂರಿನಲ್ಲಿ ಪಿಯುಸಿ ಓದುವಾಗ ನಾನು, ಈ ರಾಜಲಕ್ಷ್ಮಿ, ಮಲ್ಲಮ್ಮ ಮೂವರೂ ಸೆಕೆಂಡ್ ಲ್ಯಾಂಗ್ವೇಜಿಗೆ ಫ್ರೆಂಚ್ ತೆಗೆದುಕೊಂಡಿದ್ದೆವು. ಫ್ರೆಂಚಿನ ಮೇಲೆ ಮೋಹವೇನೂ ಇರಲಿಲ್ಲ, ಮಾರ್ಕ್ಸಿನ ಮೇಲಿತ್ತು. ಕನ್ನಡಕ್ಕೆ ಅರವತ್ತು ಹಾಕಲು ಕೈ ನಡುಗುವವರು ಫ್ರೆಂಚಿಗೆ ತೊಂಬತ್ತು ಧಾರಾಳವಾಗಿ ಹಾಕುತ್ತಾರೆ ಅಂತ ಊರಿಗೆಲ್ಲ ಗೊತ್ತಿತ್ತು. ಮೇಷ್ಟ್ರು ಪ್ಯಾರಿಸ್ ಹಾಗಿರಲಿ, ಪಾಂಡಿಚೇರಿಯನ್ನೂ ಕಂಡವರಲ್ಲ. ಪುಸ್ತಕದ ಏಳನೇ ಪಾಠ 'ಹೋಟೆಲಿನಲ್ಲಿ ಮಧ್ಯಾಹ್ನದ ಊಟ'. ಅದನ್ನು ಪೂರ್ತಿ ಬಾಯಿಪಾಠ ಮಾಡಿಸಿದರು. ಮಲ್ಲಮ್ಮ ಎದ್ದು ನಿಂತು, "ಸೂಫ್ಲೆ ಅಂದ್ರೇನು ಸಾರ್?" ಅಂದಳು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು, "ಉಬ್ಬಿರುವ ಒಂದು ಪದಾರ್ಥ. ಪರೀಕ್ಷೆಗೆ ಇಷ್ಟು ಸಾಕು" ಅಂದರು.

ಪರೀಕ್ಷೆಗೆ ಸಾಕಾಯಿತು. ಮೂವರಿಗೂ ತೊಂಬತ್ತರ ಮೇಲೆ. ರಿಸಲ್ಟ್ ಬಂದ ದಿನ ಮಸಾಲೆದೋಸೆ ತಿನ್ನುತ್ತಾ ಆಣೆ ಹಾಕಿಕೊಂಡಿದ್ದೆವು, ಒಂದಲ್ಲ ಒಂದು ದಿನ ಏಳನೇ ಪಾಠದ ಊಟವನ್ನು ನಿಜವಾಗಿ ಕೂತು ಉಣ್ಣಬೇಕು ಅಂತ. ನಲವತ್ತು ವರ್ಷ ಆಯಿತು. ಇನ್ನೂ ಉಂಡಿಲ್ಲ.

ಅಟ್ಲಾಂಟಾದಲ್ಲಿರುವ ಮಲ್ಲಮ್ಮನನ್ನೂ ಫೋನಿಗೆ ಎಳೆದುಕೊಂಡೆವು. ಅವಳದು ಯಾವಾಗಲೂ ಕಡ್ಡಿ ತುಂಡು ಮಾಡಿದ ಹಾಗೆ ಮಾತು. "ಅಳೋದು ಸಾಕು. ಮೇಷ್ಟ್ರ ಹೆಸರಲ್ಲಿ ಉಣ್ಣೋಣ. ಜೂನ್ ಹತ್ತು, ಶನಿವಾರ. ರಾಜಿ ಮನೆಯಿಂದ ಒಂದ್ ಗಂಟೆ ದೂರ, ಬೆಟ್ಟದ ಕಡೆ ಒಳ್ಳೇ ಫ್ರೆಂಚ್ ರೆಸ್ಟೋರೆಂಟ್ ಇದೆ. ಟೇಬಲ್ ನಾನು ಬುಕ್ ಮಾಡ್ತೀನಿ. ನಾನು ಫ್ಲೈಟಲ್ಲಿ ಬರ್ತೀನಿ. ಬದ್ರು, ನೀನು ಹೆಂಗಾದ್ರೂ ಬಂದ್ಬಿಡು."

ಹೆಂಗಾದರೂ ಅಂದರೆ ಹೇಗೆ? ಇಲ್ಲಿಂದ ಇನ್ನೂರ ಎಪ್ಪತ್ತು ಮೈಲಿ. ಫೆಬ್ರವರಿಯಲ್ಲಿ ನಮ್ಮ ಯಜಮಾನರು ಪಾಷಾ ಸಾಹೇಬರು ಎದುರುಮನೆಯ ಟಪಾಲು ಡಬ್ಬಿಗೆ ಕಾರು ಗುದ್ದಿದ ಮೇಲೆ, ಕಣ್ಣಿನ ಡಾಕ್ಟರು ಸ್ಟಿಯರಿಂಗ್ ಮುಟ್ಟಕೂಡದು ಅಂದಿದ್ದಾರೆ. ಗ್ಲಾಕೋಮಾ. ಡ್ರಾಪ್ಸ್ ಬಿಡುತ್ತಿದ್ದೇವೆ, ಸರಿಹೋಗುತ್ತದೆ. ಅಲ್ಲಿಯವರೆಗೆ ಹಾಲಿಗೂ ಮಸೀದಿಗೂ ಮಗಳು ನಿದಾಳ ಬಿಡುವನ್ನೇ ಕಾಯಬೇಕು. ನಾನಂತೂ ಮೂವತ್ತೊಂದು ವರ್ಷದಿಂದ ಪಕ್ಕದ ಸೀಟಿನ ಮಹಾರಾಣಿ. ಬ್ರೇಕು ಎಡಗಡೆಯೋ ಬಲಗಡೆಯೋ ಅಂತ ಕೂಡ ನೋಡಿದವಳಲ್ಲ.

ಕಲಿಯುತ್ತೇನೆ. ಈ ಒಂದು ಊಟಕ್ಕೆ. ಅವರ ಕಣ್ಣು ಸರಿಹೋದ ಮೇಲೆ ಯಥಾಪ್ರಕಾರ ಮಹಾರಾಣಿ.

ಇದನ್ನೆಲ್ಲ ಇಲ್ಲಿ ಧೈರ್ಯವಾಗಿ ಬರೆಯುತ್ತೇನೆ. ಮನೆಯಲ್ಲಿ ಮಾತು ಉರ್ದು. ಜಗಳ ಮಾತ್ರ ಕನ್ನಡದಲ್ಲಿ. ಮಗುವಿಗೆ ತಿಳಿಯಬಾರದು ಅಂತ ನಿದಾ ಹುಟ್ಟಿದಾಗಿನಿಂದ ಮಾಡಿಕೊಂಡ ಏರ್ಪಾಡು. ಈಗ ಅವಳಿಗೆ ಇಪ್ಪತ್ತಾರು, ಆದರೂ ಅದೇ ನಡೆದಿದೆ. ಹಾಗಾಗಿ ಈ ಮನೆಯಲ್ಲಿ ಕನ್ನಡ ಓದಬಲ್ಲವರು ಇಬ್ಬರೇ, ಅದರಲ್ಲಿ ಒಬ್ಬರಿಗೆ ಸದ್ಯಕ್ಕೆ ಅಕ್ಷರ ಕಾಣುವುದಿಲ್ಲ.

ಏಪ್ರಿಲ್ 28, ಶುಕ್ರವಾರ

ಬರವಣಿಗೆಯ ಪರೀಕ್ಷೆ ಪಾಸ್! ಇಪ್ಪತ್ತೈದಕ್ಕೆ ಇಪ್ಪತ್ಮೂರು! ಬಾಯಿಪಾಠದ ವಿದ್ಯೆ ಎಲ್ಲಿಗೆ ಹೋದೀತು? ಕೌಂಟರಿನ ಹೆಂಗಸು "ಗುಡ್ ಜಾಬ್" ಅಂದಳು. ಐವತ್ತೆಂಟನೇ ವಯಸ್ಸಿನಲ್ಲಿ ಒಬ್ಬರು ಹಾಗಂದರೆ ಎಷ್ಟು ಖುಷಿಯಾಗುತ್ತದೆ ಅಂತ ಯಾರಿಗೂ ಹೇಳುವಂತಿಲ್ಲ. ಕಲಿಯುವವರ ಪರ್ಮಿಟ್ ಕೊಟ್ಟರು. ಫೋಟೋದಲ್ಲಿ ಕಳ್ಳಿಯ ಹಾಗಿದ್ದೇನೆ.

ಮನೆಗೆ ಬಂದು ತೋರಿಸಿದೆ. ಪಾಷಾ ಸಾಹೇಬರು ಕಾರ್ಡನ್ನು ಕಣ್ಣಿನ ಓರೆಗೆ ಹಿಡಿದು, ದೂರ ಹಿಡಿದು, ಕೊನೆಗೆ ಮೇಜಿನ ಮೇಲಿಟ್ಟರು. "ಆಗಸ್ಟ್‌ಗೆ ಮುಂದಕ್ಕೆ ಹಾಕ್ಸು ಆ ಊಟಾನ. ಅಷ್ಟೊತ್ತಿಗೆ ನಾನೇ ಕರ್ಕೊಂಡು ಹೋಗ್ತೀನಿ" ಅಂದರು. ಕನ್ನಡದಲ್ಲಿ ಅಂದರು, ಅಂದಮೇಲೆ ಅದು ಜಗಳವೇ.

ಮೇ 4, ಗುರುವಾರ

ನಿದಾ ಆಫೀಸು ಮುಗಿಸಿ ಬಂದು ದಿನಾ ಒಂದು ಗಂಟೆ ಖಾಲಿ ಶಾಲೆಯ ಪಾರ್ಕಿಂಗ್ ಲಾಟಿನಲ್ಲಿ ಕಲಿಸುತ್ತಿದ್ದಾಳೆ. "ಅಮ್ಮಿ, ಬ್ರೇಕು ಇರುವೆ ಅಲ್ಲ, ತುಳಿದು ಸಾಯಿಸೋಕೆ" ಅಂತ ಇವತ್ತು ಹೇಳಿದಳು. ಈ ನಾಲಿಗೆ ನನ್ನದೇ, ಯಾರನ್ನು ಬೈಯಲಿ! ನೇರ ಹೋಗುವುದು ಬಂತು. ಬಲಕ್ಕೆ ತಿರುಗುವುದು ಬಂತು. ಎಡಕ್ಕೆ ತಿರುಗುವಾಗ ಕಣ್ಣು ಮುಚ್ಚಿಕೊಳ್ಳುತ್ತೇನಂತೆ. ನನಗೆ ಗೊತ್ತೇ ಇರಲಿಲ್ಲ.

ಒಂದು ವಿಷಯ ತಲೆ ಕೆಡಿಸಿದೆ. ಕಾರಿನ ಬಾಗಿಲ ಒಳಮೈಯಲ್ಲಿ ಸೀಟಿನ ಗುಂಡಿಗಳಿವೆ, ಒಂದು ಮತ್ತು ಎರಡು. ಒಂದು ಒತ್ತಿದರೆ ಸೀಟು ತಾನಾಗಿ ಜರುಗಿ ಪಾಷಾ ಸಾಹೇಬರ ಉದ್ದಕ್ಕೆ ಹಿಂದೆ ಹೋಗಿ ಕೂರುತ್ತದೆ. ಎರಡು ಖಾಲಿ, ಅದನ್ನು ಯಾರಿಗೂ ಹೊಂದಿಸಿಲ್ಲ. ನಾನು ದಿನಾ ಸೀಟನ್ನು ಮುಂದೆ ಎಳೆದು, ಎತ್ತರ ಮಾಡಿ, ಕನ್ನಡಿ ಬಗ್ಗಿಸಿ ಕಲಿತು ಬರುತ್ತೇನೆ. ಮರುದಿನ ನೋಡಿದರೆ ಸೀಟು ಮತ್ತೆ ಹಿಂದೆ! ಕಾಲು ಪೆಡಲಿಗೆ ಎಟಕುವುದಿಲ್ಲ. ನಿದಾಳನ್ನು ಬೈದೆ. ಅವಳು "ನಾನಲ್ಲ" ಅಂದಳು.

ಇವತ್ತು ಮಧ್ಯಾಹ್ನ ಪತ್ತೆಯಾಯಿತು. ಬ್ಯಾಟರಿ ನೋಡಿ ಬರುತ್ತೇನೆ ಅಂತ ಇವರು ಗರಾಜಿಗೆ ಹೋಗುತ್ತಾರಲ್ಲ, ಇಣುಕಿ ನೋಡಿದೆ. ಗುಂಡಿ ಒಂದು ಒತ್ತಿ, ಸೀಟು ಹಿಂದೆ ಮಾಡಿಕೊಂಡು, ಎರಡೂ ಕೈ ಸ್ಟಿಯರಿಂಗಿನ ಮೇಲಿಟ್ಟು ಕೂತಿದ್ದರು. ಕಾರು ಆಫ್ ಇತ್ತು. ಸದ್ದಿಲ್ಲದೆ ವಾಪಸು ಬಂದು ಅವರೆಕಾಳು ನೆನೆಹಾಕಿದೆ. ಸೀಟಿನ ವಿಷಯ ನಾನಿನ್ನು ಎತ್ತುವುದಿಲ್ಲ. ಮುಂದೆ ಎಳೆದುಕೊಳ್ಳುವುದು ನನಗೇನು ಭಾರವೇ?

ಮೇ 9, ಮಂಗಳವಾರ

ಫೇಲ್.

ಪರೀಕ್ಷೆ ಮಾಡಿದವನು ಗಡ್ಡದ ಹುಡುಗ, ನನ್ನ ಮಗಳ ವಯಸ್ಸು. ಮೂವತ್ತೈದು ಮೈಲಿ ವೇಗದ ರಸ್ತೆಯಲ್ಲಿ ಹದಿನೆಂಟರಲ್ಲಿ ಹೋದೆನಂತೆ. ಹಿಂದೆ ಸಾಲು ಕಟ್ಟಿದ್ದ ಕಾರುಗಳನ್ನು ಅವನು ಎಣಿಸುತ್ತಾ ಕೂತಿದ್ದ. ರಸ್ತೆಯಲ್ಲಿ ಮೂರು ಸಲದಲ್ಲಿ ಗಾಡಿ ತಿರುಗಿಸು ಅಂದ, ನಾನು ಏಳು ಸಲದಲ್ಲಿ ತಿರುಗಿಸಿದೆ. ರಸ್ತೆ ಇಕ್ಕಟ್ಟಾಗಿತ್ತು ಅಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅಮೆರಿಕದಲ್ಲೂ ಅದೇ ಗಾದೆ ಇರಬೇಕು, ಅವನು ಹಾಗೇ ನಕ್ಕ.

ಗ್ರೂಪಿಗೆ ಹಾಕಿದೆ. ನಮ್ಮ ಗ್ರೂಪಿನ ಹೆಸರು 'ಪಾಠ ಏಳು'. ಮಲ್ಲಮ್ಮ ಬರೆದಳು: "ಏಳು ಸಲ ತಿರುಗಿಸಿದ್ಯಾ? ಪಾಠಕ್ಕೆ ನಿಷ್ಠೆ ಅಂದ್ರೆ ಇದು." ಅಳುತ್ತಿದ್ದವಳು ನಕ್ಕುಬಿಟ್ಟೆ.

ಮೇ 13, ಶನಿವಾರ

ರೆಸ್ಟೋರೆಂಟಿಗೆ ನಾನೇ ಫೋನ್ ಮಾಡಿದೆ! ಮೊದಲು ಹೇಳಬೇಕಾದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡೆ. ಹಂದಿ ಇಲ್ಲ, ವೈನ್ ಹಾಕಿ ಬೇಯಿಸಿದ್ದು ಇಲ್ಲ, ಹಲಾಲ್ ಅಲ್ಲದ ಮಾಂಸ ಇಲ್ಲ, ಅದಕ್ಕೇ ನನಗೆ ತರಕಾರಿ ಊಟವೇ ಇರಲಿ. ರಾಜಿಗೆ ಮಾಂಸ, ಮೀನು ಎರಡೂ ಇಲ್ಲ, ಮೊಟ್ಟೆ ಕಣ್ಣಿಗೆ ಕಾಣದ ಹಾಗಿದ್ದರೆ ಪರವಾಗಿಲ್ಲ. ಕಾಣದ ಮೊಟ್ಟೆ ಮೊಟ್ಟೆಯಲ್ಲ ಎಂಬುದು ಅವಳ ಸಿದ್ಧಾಂತ. ಮಲ್ಲಮ್ಮ ಹುಟ್ಟಿದ್ದು ಲಿಂಗಾಯತರ ಮನೆಯಲ್ಲಿ, ಬಾತುಕೋಳಿ ಬೇಕೇಬೇಕು ಅಂದಿದ್ದಾಳೆ. ಫೋನಿನ ಹುಡುಗಿ ಎಲ್ಲ ಬರೆದುಕೊಂಡು, "ಊಟ ಮೂರು ಗಂಟೆ ಆಗತ್ತೆ, ನಿಮಗೆ ಸಮಯ ಇದೆಯಲ್ಲ?" ಅಂತ ಕೇಳಿದಳು.

ಮೂರು ಗಂಟೆ! ಮೂರು ಗಂಟೆಯಲ್ಲಿ ನಾನು ನೂರು ಜನಕ್ಕೆ ಬಿರಿಯಾನಿ ದಮ್ಮಿಗೆ ಹಾಕಿ ಇಳಿಸಬಲ್ಲೆ. ಕೂತು ತಿನ್ನುವುದಕ್ಕೆ ಮೂರು ಗಂಟೆ? ಇದ್ದಷ್ಟೂ ಸಮಯ ನಿಮ್ಮದೇ ಕಣಮ್ಮ ಅಂದೆ, ಮನಸ್ಸಿನಲ್ಲಿ.

ಮೇ 18, ಗುರುವಾರ

ಇವರ ಕಣ್ಣಿನ ಅಪಾಯಿಂಟ್‌ಮೆಂಟ್ ಇತ್ತು. ಹೋಗಿ ಬಂದೆವು. ರಾತ್ರಿಗೆ ಬೀನ್ಸ್ ಪಲ್ಯ.

ಮೇ 21, ಭಾನುವಾರ

ರಾಜಿ ಫೋನ್ ಮಾಡಿ ಡಾಕ್ಟರ್ ಏನಂದರು ಅಂತ ಕೇಳಿದಳು. ಆಗಸ್ಟ್ ಹೊತ್ತಿಗೆ ಸುಧಾರಿಸುತ್ತದೆ ಅಂದೆ. ಡ್ರಾಪ್ಸ್ ದಿನಕ್ಕೆ ಮೂರು ಸಲ.

ಸಂಜೆ ನಿದಾಳ ಜೊತೆ ಹೈವೇಗೆ ಹೋದೆ. ಮೊದಲ ಸಲ ಅರವತ್ತು. ಕಣ್ಣು ಮುಚ್ಚಲಿಲ್ಲ.

ಮೇ 30, ಮಂಗಳವಾರ

ಪಾಸ್! ಪಾಸ್! ಪಾಸ್!

ಅದೇ ಗಡ್ಡದ ಹುಡುಗ. ಮೂರೇ ಸಲದಲ್ಲಿ ತಿರುಗಿಸಿದೆ. ಅವನು ಕೈಯಲ್ಲಿದ್ದ ಹಲಗೆಯ ಮೇಲೆ ಪೆನ್ನಿನಿಂದ ಟಕಟಕ ತಾಳ ಹಾಕಿದ. ನಿದಾಳನ್ನು ಆಫೀಸಿನಲ್ಲಿ ಇಳಿಸಿ ವಾಪಸು ಬರುವಾಗ ಭಾರತೀಯ ಅಂಗಡಿಗೆ ನಾನೇ ಹೋಗಿ ಕರಿಬೇವು ತಂದೆ. ಯಾರನ್ನೂ ಕೇಳಲಿಲ್ಲ, ಯಾರಿಗೂ ಕಾಯಲಿಲ್ಲ, ಒಂದು ಕಂತೆ ಕರಿಬೇವಿಗೋಸ್ಕರ ಐದು ಮೈಲಿ ಹೋದೆ! ಅಂಗಡಿಯ ಯಶವಂತ್, "ಆಂಟಿ, ಅಂಕಲ್ ಕಾರಲ್ಲೇ ಇದಾರಾ?" ಅಂದರು. ಇಲ್ಲಪ್ಪ, ನಾನೇ ಅಂದೆ. ಆ 'ನಾನೇ' ಸ್ವಲ್ಪ ಜೋರಾಗಿಯೇ ಬಂತು.

ಪಾಷಾ ಸಾಹೇಬರು ಮುಬಾರಕ್ ಅಂದರು. ಆಮೇಲೆ ಬ್ಯಾಟರಿ ನೋಡಲು ಹೋದರು.

ಜೂನ್ 7, ಬುಧವಾರ

ಎಲ್ಲ ತಲೆಕೆಳಗು. ಶುಕ್ರವಾರ ನಿದಾ ನಮ್ಮನ್ನು ಸೆಂಟರ್‌ವಿಲ್‌ವರೆಗೆ ಡ್ರೈವ್ ಮಾಡಿಕೊಂಡು ಹೋಗುವುದು, ನಾನು ಅಲ್ಲೊಂದಿಷ್ಟು ಇಲ್ಲೊಂದಿಷ್ಟು ಓಡಿಸುವುದು ಅಂತ ಮಾತಾಗಿತ್ತು. ಇವತ್ತು ಅವಳ ಆಫೀಸಿನಲ್ಲಿ ಸಿಸ್ಟಮ್ ಏನೋ ಕೆಟ್ಟು ನಿಂತಿದೆಯಂತೆ, ವಾರಾಂತ್ಯ ಪೂರ್ತಿ ಕೆಲಸ. "ಅಮ್ಮಿ, ಐ ಆಮ್ ಸೋ ಸಾರಿ" ಅಂತ ಹತ್ತು ಸಲ ಅಂದಳು. ಪಾಪ, ಅವಳ ತಪ್ಪೇನು?

ಪಾಷಾ ಸಾಹೇಬರು ತಟ್ಟನೆ, ಕನ್ನಡಕ್ಕೆ ಹೊರಳಿ, "ಆಯ್ತಲ್ಲ, ಕ್ಯಾನ್ಸಲ್ ಮಾಡು" ಅಂದರು.

"ಮಾಡಲ್ಲ. ನಾನು ಡ್ರೈವ್ ಮಾಡ್ತೀನಿ."

"ಲೈಸೆನ್ಸ್ ಬಂದು ಎಂಟೇ ದಿನ ಆಗಿದೆ. ನೈಂಟಿಫೈವ್ ಹೈವೇ ಅಂದ್ರೆ ಏನಂದ್ಕೊಂಡಿದ್ದೀಯ? ಲಾರಿಗಳು ಎರಡೂ ಕಡೆ ಗೋಡೆ ಥರ ಬರ್ತವೆ."

"ಬರ್ಲಿ. ನೀವು ಪಕ್ಕದಲ್ಲಿ ಕೂತ್ಕೊಳ್ಳಿ."

"ನಾನ್ ಕೂತು ಏನ್ ಮಾಡ್ಲಿ? ನನಗೆ ಬೋರ್ಡ್ ಕಾಣಲ್ಲ."

"ಮೂವತ್ತೊಂದು ವರ್ಷ ನನಗೆ ಕಾಣ್ತಿತ್ತು, ನಾನೇನ್ ಮಾಡ್ದೆ? ಕಿತ್ತಳೆ ಸುಲಿದು ಕೊಟ್ಟೆ. ನೀವೂ ಸುಲಿದು ಕೊಡಿ."

ಇಷ್ಟು ಒರಟಾಗಿ ಅನ್ನಬಾರದಿತ್ತು. ಅವರು ಎದ್ದು ಒಳಗೆ ಹೋದರು. ಆದರೂ ಮೈಸೂರು ಸಿಲ್ಕ್ ಸೀರೆಗೆ ಇಸ್ತ್ರಿ ಹಾಕಿಟ್ಟೆ.

ಜೂನ್ 9, ಶುಕ್ರವಾರ. ಸೆಂಟರ್‌ವಿಲ್, ರಾಜಿಯ ಮನೆ

ಬಂದೆ! ಬದುಕಿ ಬಂದೆ! ಆರೂ ಕಾಲು ಗಂಟೆ!

ಬೆಳಿಗ್ಗೆ ಗರಾಜಿಗೆ ಹೋದರೆ ಪಾಷಾ ಸಾಹೇಬರು ಆಗಲೇ ಪಕ್ಕದ ಸೀಟಿನಲ್ಲಿ ಬೆಲ್ಟು ಹಾಕಿಕೊಂಡು ಕೂತಿದ್ದರು, ತೊಡೆಯ ಮೇಲೆ ಕಿತ್ತಳೆಯ ಚೀಲ. ಮೊದಲ ಒಂದು ಗಂಟೆ ಪಿಟ್ಟೆನ್ನಲಿಲ್ಲ. ಬಲಗಾಲು ಮಾತ್ರ ಇಲ್ಲದ ಬ್ರೇಕನ್ನು ತುಳಿಯುತ್ತಲೇ ಇತ್ತು.

ವರ್ಜೀನಿಯಾ ಗಡಿ ದಾಟುವಾಗ ಲಾರಿಯೊಂದು ಪಕ್ಕಕ್ಕೆ ಬಂತು. ಗೋಡೆಯೇ. ನನ್ನ ಕೈ ಬೆವೆತು ಸ್ಟಿಯರಿಂಗ್ ಜಾರಿತು. ಆಗ ಅವರು ಮೆತ್ತಗೆ ಅಂದರು, "ಅದನ್ನ ನೋಡ್ಬೇಡ. ನೀನು ಹೋಗೋ ಕಡೆ ನೋಡು. ಗಾಡಿ ಕಣ್ಣು ಹೋದ ಕಡೆ ಹೋಗತ್ತೆ." ಮುಂದಿನ ಕಾರಿನ ಮೇಲೆ ಕಣ್ಣು ನೆಟ್ಟೆ. ಲಾರಿ ಮುಂದೆ ಹೋಯಿತು.

ಅಲ್ಲಿಂದ ಅವರ ಬಾಯಿ ಬಿಚ್ಚಿತು. ದಾರಿ ಪೂರ್ತಿ ತಲೆಯೊಳಗಿದೆ! "ಈಗೊಂದು ದೊಡ್ಡ ನೀರಿನ ಟ್ಯಾಂಕ್ ಬರಬೇಕು ಬಲಕ್ಕೆ, ಬಂತಾ?" ಬಂತು. "ಇನ್ನೆರಡು ಮೈಲಿಗೆ ರಸ್ತೆ ಎರಡಾಗತ್ತೆ, ಈಗಲೇ ಎಡಕ್ಕೆ ಸೇರ್ಕೋ." ಎರಡಾಯಿತು. ನಾನು ಕಂಡದ್ದು ಹೇಳುವುದು, ಅವರು ಕಾಣದ್ದು ಹೇಳುವುದು, ಹೀಗೇ ಬಂದೆವು. ಕೆನಡಾದ ಕಾಡುಗಳಿಗೆ ಬೆಂಕಿ ಬಿದ್ದು ಆ ಹೊಗೆ ಇಲ್ಲಿಯವರೆಗೂ ಬಂದಿದೆ, ಆಕಾಶವೆಲ್ಲ ಮಂಕು. ಎಲ್ಲ ಮಬ್ಬುಮಬ್ಬಾಗಿದೆ ಅಂದೆ. "ಹಂಗಾದ್ರೆ ಇವತ್ತು ಇಬ್ರಿಗೂ ಒಂದೇ ಥರ ಕಾಣ್ತಿದೆ ಅನ್ನು" ಅಂತ ನಕ್ಕರು. ಫೆಬ್ರವರಿಯಿಂದ ಈಚೆಗೆ ಅವರು ನಕ್ಕದ್ದು ನಾನು ನೋಡಿರಲಿಲ್ಲ.

ಕಿತ್ತಳೆಯಲ್ಲಿ ಬಿಳಿ ನಾರು ಹಾಗೇ ಇತ್ತು, ಬೀಜವೂ ಇತ್ತು. ಎಲ್ಲ ತಿಂದೆ.

ರಾಜಿ ಬಾಗಿಲಲ್ಲೇ ತಬ್ಬಿಕೊಂಡು ಅತ್ತಳು. ಮಲ್ಲಮ್ಮ ಆಗಲೇ ಬಂದು ಸೋಫಾದ ಮೇಲೆ ಕಾಲು ಚಾಚಿದ್ದಳು. ರಾಜಿಯ ಗಂಡ ಸುರೇಶ ಕ್ರಿಕೆಟ್ ಹುಚ್ಚಿನವರು, ನಾಳೆ ಪೂರ್ತಿ ಟಿವಿಯ ಮುಂದೆ ಪಾಷಾ ಸಾಹೇಬರಿಗೆ ಬಾಲಿಗೆ ಬಾಲು ಕಾಮೆಂಟರಿ ಹೇಳುವ ಜವಾಬ್ದಾರಿ ಹೊತ್ತಿದ್ದಾರೆ.

ಜೂನ್ 10, ಶನಿವಾರ

ಎಲ್ಲಿಂದ ಶುರು ಮಾಡಲಿ!

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತ ಮೂವರೂ ಸಿಲ್ಕ್ ಸೀರೆ ಉಟ್ಟೆವು. ನಾನು ಡ್ರೈವ್ ಮಾಡಬೇಕಲ್ಲ, ಸೀರೆಯ ಕೆಳಗೆ ಸ್ನೀಕರ್ಸ್. ರಾಜಿ, "ನಾನೇ ಓಡಿಸ್ತೀನಿ ಕೊಡೇ, ನನಗೆ ದಾರಿ ಗೊತ್ತು" ಅಂತ ಕೀಗೆ ಕೈ ಚಾಚಿದಳು. ಕೊಟ್ಟಿದ್ದರೆ ಆಗಿತ್ತು. ಕೊಡಲಿಲ್ಲ.

ಹೆದರಿಕೆಗೆ ಎರಡು ಗಂಟೆ ಮೊದಲೇ ಹೊರಡಿಸಿದ್ದೆ, ಹತ್ತೂ ಮುಕ್ಕಾಲಿಗೇ ಹೋಗಿ ನಿಂತೆವು. ಟೇಬಲ್ ಇದ್ದದ್ದು ಹನ್ನೆರಡಕ್ಕೆ. ಕಲ್ಲಿನ ಹಳೇ ಮನೆ, ಗೋಡೆ ತುಂಬ ಗುಲಾಬಿ ಬಳ್ಳಿ, ಹಿಂದೆ ಹೊಗೆಯಲ್ಲಿ ಅರ್ಧ ಅಳಿಸಿದ ಬೆಟ್ಟ. ಬಾಗಿಲು ಮುಚ್ಚಿತ್ತು. ಕಾರಿನಲ್ಲೇ ಕೂತೆವು. ಆಗ ರಾಜಿ ಹಿಂದಿನ ಸೀಟಿನಿಂದ ಮೆಲ್ಲಗೆ ಚೀಲವೊಂದನ್ನು ಎತ್ತಿದಳು. ಪುಳಿಯೋಗರೆ, ಮೊಸರನ್ನ, ಮಜ್ಜಿಗೆ ಮೆಣಸಿನಕಾಯಿ.

"ಫ್ರೆಂಚರ ಊಟ ನಂಬೋಕಾಗಲ್ಲ ಕಣೇ. ನಮಗಾಗೋದು ಏನೂ ಇರದಿದ್ರೆ? ಒಂದೊಂದ್ ತುತ್ತು ಇರ್ಲಿ ಅಂತ."

ತಪ್ಪು ಅಂತ ಮೂವರಿಗೂ ಗೊತ್ತಿತ್ತು. ಆದರೆ ಬುತ್ತಿ ಬಿಚ್ಚಿದ ಮೇಲೆ ಮುಚ್ಚಿದವರು ಉಂಟೇ? ಒಂದು ತುತ್ತು ಎರಡಾಯಿತು, ಡಬ್ಬಿ ಖಾಲಿಯಾಯಿತು. ಮಲ್ಲಮ್ಮ ಡಬ್ಬಿಯ ತಳ ಕೂಡ ಕೆರೆದಳು. ಫೈನ್ ಡೈನಿಂಗಿನ ಅಂಗಳದಲ್ಲಿ, ಸಿಲ್ಕ್ ಸೀರೆಯ ಮೇಲೆ ಪೇಪರ್ ಟವಲ್ ಹರಡಿಕೊಂಡು, ಎಸಿ ಹಾಕಿಕೊಂಡು, ಹೊಟ್ಟೆ ಬಿರಿಯ ಉಂಡು ಒಳಗೆ ಹೋದೆವು. ಸೆರಗಿನಲ್ಲೆಲ್ಲ ಇಂಗಿನ ವಾಸನೆ.

ಬಡಿಸಲು ಬಂದವನು ಎತ್ತರದ ಕಪ್ಪು ಮನುಷ್ಯ, ಐವರಿ ಕೋಸ್ಟ್‌ನವನಂತೆ, ಹೆಸರು ಮಾರ್ಸೆಲ್. ಮಾತು ಬೆಣ್ಣೆ. ಮಲ್ಲಮ್ಮ ನನ್ನ ತೊಡೆ ಚಿವುಟಿದಳು. ಮೂವರೂ ನೆಟ್ಟಗೆ ಕೂತು, ಏಳನೇ ಪಾಠದ ಮೊದಲ ನಾಲ್ಕು ಸಾಲುಗಳನ್ನು ಒಟ್ಟಿಗೆ, ಮೇಷ್ಟ್ರ ರಾಗದಲ್ಲೇ ಒಪ್ಪಿಸಿದೆವು. ಅವನ ಮುಖ ಅರಳಿಹೋಯಿತು! ಎರಡೂ ಕೈ ಎದೆಗೆ ಇಟ್ಟುಕೊಂಡು ಫ್ರೆಂಚಿನಲ್ಲಿ ಧಾರಾಕಾರವಾಗಿ ಮಾತಾಡಿದ. ತೊಂಬತ್ತು ಮಾರ್ಕಿನವರಿಗೆ ಒಂದಕ್ಷರ ತಿಳಿಯಲಿಲ್ಲ. ಅವನು ನಿಲ್ಲಿಸಿ ಉತ್ತರಕ್ಕೆ ಕಾದ. ಆಗ ರಾಜಿಯ ಬಾಯಿಂದ ತಾನಾಗಿ ಎಂಟನೇ ಪಾಠ ಹೊರಟಿತು: ರೈಲು ನಿಲ್ದಾಣಕ್ಕೆ ದಾರಿ ಯಾವುದು? ನಾವು ಕಲಿತದ್ದು ಅದೇ ಕ್ರಮದಲ್ಲಿ, ಏಳಾದ ಮೇಲೆ ಎಂಟು. ಪಾಪ, ಅವನು ಕಿಟಕಿಯ ಕಡೆ ಕೈ ತೋರಿಸಿ, ಇಲ್ಲಿ ರೈಲಿಲ್ಲ ಅಂತ ಇಂಗ್ಲಿಷಿನಲ್ಲಿ ತುಂಬ ಬೇಜಾರಿನಿಂದ ಹೇಳಿದ. ನಾವು ನಕ್ಕು ನಕ್ಕು ಕಣ್ಣೀರು. ನಿಜ ಹೇಳಿದ ಮೇಲೆ ಅವನೂ ನಕ್ಕ.

ಮೊದಲು ಬಟಾಣಿಯ ತಣ್ಣನೆ ಸೂಪು ಬಂತು, ನಮ್ಮ ಕಾಫಿ ಲೋಟದ ಕಾಲು ಭಾಗ. ರಾಜಿ, "ಇದು ರುಚಿ ನೋಡೋಕಾ, ಇಲ್ಲಾ ಇಷ್ಟೇನಾ?" ಅಂದಳು. ಪುಳಿಯೋಗರೆ ತಂದದ್ದು ಪುಣ್ಯ ಅಂತ ಕಣ್ಣಲ್ಲೇ ಮಾತಾಡಿಕೊಂಡೆವು. ಆಮೇಲೆ ಬಂತು ನೋಡಿ, ಒಂದಾದ ಮೇಲೊಂದು! ಬಿಸಿ ಬ್ರೆಡ್ಡು, ಅಂಗೈಯಗಲದ ಈರುಳ್ಳಿಯ ಕಡುಬಿನಂಥದ್ದು, ಬೆಣ್ಣೆಯಲ್ಲಿ ಬಾಡಿಸಿದ ಅಣಬೆ, ಹಸಿರು ಕಡ್ಡಿಯಂಥ ತರಕಾರಿಯ ಮೇಲೆ ನಿಂಬೆಯ ನೊರೆ. ಮಲ್ಲಮ್ಮನ ಬಾತುಕೋಳಿ. ಹೊಟ್ಟೆಯೊಳಗೆ ಮೊಸರನ್ನ ಕೂತು ಯಾರನ್ನೂ ಒಳಗೆ ಬಿಡಲೊಲ್ಲದು. ಆದರೆ ಒಂದಕ್ಕೂ ಇನ್ನೊಂದಕ್ಕೂ ನಡುವೆ ಇಪ್ಪತ್ತು ನಿಮಿಷ. ಯಾರೂ ಅವಸರ ಮಾಡುವುದಿಲ್ಲ. ಮಾತಾಡುತ್ತಾ ಮಾತಾಡುತ್ತಾ ಜಾಗವಾಗುತ್ತದೆ.

ಅಣಬೆ ಮುಗಿದಾಗ ನಾನೊಂದು ಎಡವಟ್ಟು ಮಾಡಿದೆ. ಮೂರೂ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿ, ಚಮಚ ಮೇಲಿಟ್ಟು, ಎತ್ತಿಕೊಂಡು ಎದ್ದು ನಿಂತಿದ್ದೇನೆ! ಮಾತಿನ ಮಧ್ಯೆ, ನನಗೇ ಗೊತ್ತಿಲ್ಲದೆ. ಮಾರ್ಸೆಲ್ ಓಡಿ ಬಂದು ತಟ್ಟೆಗಳನ್ನು ನನ್ನ ಕೈಯಿಂದ ಮಗುವನ್ನು ತೆಗೆದುಕೊಳ್ಳುವ ಹಾಗೆ ತೆಗೆದುಕೊಂಡು, "ಮೇಡಂ, ಇವತ್ತು ನಿಮ್ಮ ಕೆಲಸ ಕೂತಿರೋದು ಮಾತ್ರ" ಅಂದ.

ಕೂತೆ. ಕೈ ಎಲ್ಲಿಡಬೇಕು ಅಂತ ತಿಳಿಯಲಿಲ್ಲ. ಮದುವೆಯಾದ ಮೇಲೆ ಊಟಕ್ಕೆ ಕೂತು ನಡುವೆ ಏಳದೆ ಇದ್ದ ದಿನ ಒಂದಾದರೂ ನೆನಪಿಗೆ ಬರಲಿಲ್ಲ. ಆಗಲೇ ರಾಜಿ ಸುಮ್ಮನೆ ಕೇಳಿದಳು, "ಪಾಷಾ ಭಾಯ್ ಕಣ್ಣು ಆಗಸ್ಟಿಗೆ ಸರಿಹೋಗತ್ತಲ್ಲ, ಆಗ ಎಲ್ರೂ ಸೇರಿ ಇನ್ನೊಂದ್ ಸಲ ಬರೋಣ."

"ಸರಿಹೋಗಲ್ಲ ರಾಜಿ."

ಅಂದುಬಿಟ್ಟೆ. ಮೂರು ವಾರದಿಂದ ಇಲ್ಲಿ ಕೂಡ ಬರೆದಿರಲಿಲ್ಲ.

"ಹೋಗಿರೋದು ವಾಪಸ್ ಬರಲ್ವಂತೆ. ಡ್ರಾಪ್ಸ್ ಹಾಕ್ತಿರೋದು ಉಳಿದಿರೋದನ್ನ ಉಳಿಸ್ಕೊಳ್ಳೋಕೆ. ಇನ್ನು ಅವ್ರು ಯಾವತ್ತೂ ಡ್ರೈವ್ ಮಾಡಲ್ಲ. ಡಾಕ್ಟರ್ ಹೇಳಿದಾಗ ನಾವಿಬ್ರೂ ಥ್ಯಾಂಕ್ ಯು ಅಂದು ಎದ್ದು ಬಂದ್ವಿ. ಮನೇಲಿ ಒಬ್ರಿಗೊಬ್ರು ಇನ್ನೂ ಆಗಸ್ಟು ಆಗಸ್ಟು ಅಂತಿದೀವಿ."

ರಾಜಿ ನನ್ನ ಒಂದು ಕೈ ಹಿಡಿದಳು, ಮಲ್ಲಮ್ಮ ಇನ್ನೊಂದು. ಕೈ ಎಲ್ಲಿಡುವುದು ಅನ್ನುವುದು ಬಗೆಹರಿಯಿತು. ಬಿಳಿ ಬಟ್ಟೆಯ ಮೇಲೆ ಅತ್ತೆ. ಮಾರ್ಸೆಲ್ ದೂರದಲ್ಲೇ ನಿಂತು ಮುಂದಿನ ತಟ್ಟೆಯನ್ನು ತಡೆದ. ಎಷ್ಟು ಹೊತ್ತು ತಡೆದನೋ. ಮೂರು ಗಂಟೆಯ ಊಟದಲ್ಲಿ ಅಳುವುದಕ್ಕೂ ಜಾಗವಿದೆ.

"ಬದ್ರು," ಮಲ್ಲಮ್ಮ ಆಮೇಲೆ ಕೇಳಿದಳು, "ನಿನ್ನೆ ಇನ್ನೂರ ಎಪ್ಪತ್ ಮೈಲಿ ಓಡಿಸ್ಕೊಂಡು ಬಂದಿದ್ದು ಯಾರು?"

"ನಾನೇ."

"ಮತ್ತೆ?"

ಕಣ್ಣೊರೆಸಿಕೊಂಡೆ. ಆಗ ಬಂತು, ಬಿಳಿ ಬಟ್ಟಲಿನಲ್ಲಿ, ಅಂಚು ಮೀರಿ ನಾಲ್ಕು ಬೆರಳು ಎತ್ತರಕ್ಕೆ ಎದ್ದು, ನಡುಗುತ್ತಾ. ಸೂಫ್ಲೆ! ಇದೊಂದಕ್ಕೆ ಮಾತ್ರ ಕಾಯುವ ಹಾಗಿಲ್ಲ, ಈಗಲೇ ತಿನ್ನಿ, ಇಲ್ಲವಾದರೆ ಇಳಿದುಹೋಗುತ್ತದೆ ಅಂದ ಮಾರ್ಸೆಲ್. ಚಮಚ ಇಟ್ಟರೆ ಒಳಗೆ ಬರೀ ಬಿಸಿ ಗಾಳಿ, ಕಿತ್ತಳೆಯ ಘಮ, ನಾಲಿಗೆಯ ಮೇಲೆ ಇಟ್ಟದ್ದೇ ಮಾಯ. ಮೊಟ್ಟೆ ಕಾಣಲಿಲ್ಲ, ರಾಜಿಯೂ ತಿಂದಳು. ಮೂವರೂ ಎದ್ದು ನಿಂತು ಒಟ್ಟಿಗೆ ಹೇಳಿದೆವು, "ಉಬ್ಬಿರುವ ಒಂದು ಪದಾರ್ಥ. ಪರೀಕ್ಷೆಗೆ ಇಷ್ಟು ಸಾಕು!" ಪಕ್ಕದ ಮೇಜಿನವರು ಯಾರದೋ ಹುಟ್ಟುಹಬ್ಬ ಅಂದುಕೊಂಡು ಚಪ್ಪಾಳೆ ತಟ್ಟಿದರು.

ಜೂನ್ 11, ಭಾನುವಾರ. ಕ್ಯಾರಿ

ಮನೆಗೆ ಬಂದೆವು. ಬೆಳಿಗ್ಗೆಯೇ ಇಂಡಿಯಾ ಸೋತಿತು, ಸುರೇಶ ಅವರ ಮುಖ ನೋಡಲಾಗಲಿಲ್ಲ.

ದಾರಿಯುದ್ದಕ್ಕೂ ಊಟ ಹೇಳಿದೆ. ಮೂರು ಗಂಟೆಯ ಊಟ, ಐದು ಗಂಟೆ ಹೇಳಿದೆ. ಪಾಷಾ ಸಾಹೇಬರು ಇವತ್ತು ಕೇಳಿದಷ್ಟು ಪ್ರಶ್ನೆ ಮದುವೆಯಾದ ಮೇಲೆ ಕೇಳಿಲ್ಲ. ತಟ್ಟೆ ಯಾವ ಬಣ್ಣ? ಸೂಪು ಎಂಥ ಹಸಿರು, ನಮ್ಮ ಸೊಪ್ಪಿನ ಹಸಿರೋ, ಎಳೆ ಮಾವಿನಕಾಯಿಯದೋ? ಗುಲಾಬಿ ಯಾವ ಕಡೆಯ ಗೋಡೆಗೆ? ನಾನು ಕಂಡದ್ದನ್ನೆಲ್ಲ ನೆನಪು ಮಾಡಿಕೊಂಡು ಹೇಳಿದೆ. ಇನ್ನು ಮೇಲೆ ಸರಿಯಾಗಿ ನೋಡಿಕೊಂಡು ಬರಬೇಕು.

ಅತ್ತದ್ದನ್ನೂ ಹೇಳಿದೆ. ಏಕೆ ಅತ್ತೆ ಅಂತಲೂ. ಅವರು ಕಿಟಕಿಯ ಕಡೆ ತಿರುಗಿದರು. "ಬಲಕ್ಕೆ ನೀರಿನ ಟ್ಯಾಂಕು ಬಂತಾ?" ಅಂತ ಕೇಳಿದರು. ಹೋಗುವಾಗ ಬಲಕ್ಕಿದ್ದದ್ದು ಈಗ ಎಡಕ್ಕೆ ಅಂದೆ. "ಹೌದಲ್ಲ" ಅಂದರು.

ಮುಂದಿನ ತಿಂಗಳು ಶಾರ್ಲೆಟ್‌ಗೆ ಹೋಗಬೇಕು, ಅವರ ಅಣ್ಣನ ಮೊಮ್ಮಗುವನ್ನು ನೋಡಲು. ಎರಡೂವರೆ ಗಂಟೆ ತಾನೆ. ಭಾನುವಾರ ಬೆಳಿಗ್ಗೆ ಹೊರಟರೆ ಟ್ರಾಫಿಕ್ ಇರುವುದಿಲ್ಲ.

ಜೂನ್ 12, ಸೋಮವಾರ

ಬೆಳಿಗ್ಗೆ ಹಾಲಿರಲಿಲ್ಲ. ಕೀ ತೆಗೆದುಕೊಂಡು ಗರಾಜಿಗೆ ಹೋದೆ. ರಾತ್ರಿ ಇವರು ಬ್ಯಾಟರಿ ನೋಡಲು ಹೋಗಿದ್ದರು, ಅಭ್ಯಾಸದಂತೆ ಸೀಟು ಮುಂದೆ ಎಳೆಯಲು ಕೈ ಹಾಕಿದರೆ, ಅದು ಮುಂದೆಯೇ ಇತ್ತು. ನಾನು ಬಿಟ್ಟ ಹಾಗೇ.

ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ಪಾಷಾ ಸಾಹೇಬರು ಹಿಂದೆಯೇ ಬಂದರು. "ಕೂತ್ಕೋ. ಬೆನ್ನು ಆನಿಸಿ ಸರಿಯಾಗಿ ಕೂತ್ಕೋ. ಕನ್ನಡಿ ಸರಿಯಾಗಿದ್ಯಾ? ಕಾಲು ಎಟಕ್ತಾ?" ಕನ್ನಡದಲ್ಲಿ ಅಂದರು. ಜಗಳವಂತೂ ಇರಲಿಲ್ಲ.

"ಎಟಕ್ತು. ಯಾಕೆ?"

ಬಗ್ಗಿ, ಬಾಗಿಲ ಒಳಮೈಯನ್ನು ಬೆರಳಿನಿಂದ ತಡವಿದರು. ಮೊದಲು ಹೊಂದಿಸುವ ಗುಂಡಿ ಒತ್ತಿದರು. ಆಮೇಲೆ ಪಕ್ಕದ್ದನ್ನು ಹುಡುಕಿ, ಒಂದು ಅಂತ ಕೆತ್ತಿದ್ದನ್ನು ಬೆರಳತುದಿಯಲ್ಲಿ ಎರಡು ಸಲ ಸವರಿ ಖಾತ್ರಿ ಮಾಡಿಕೊಂಡು, ಒತ್ತಿ ಹಿಡಿದರು. ಕಾರು ಕುಂಯ್ ಅಂತು.

"ಇನ್ಮೇಲೆ ಒಂದು ನಿಂದು."

"ಮತ್ತೆ ನಿಮ್ದು? ಎರಡಕ್ಕೆ ಹಾಕ್ಲಾ?" ಅಂದೆ.

"ಬೇಡ. ನಂದು ಆ ಕಡೆ ಸೀಟು. ಅದಕ್ಕೆ ನಂಬರ್ ಇಲ್ಲ." ಕಾರಿನ ಮುಂಭಾಗವನ್ನು ಸವರಿಕೊಂಡು ಸುತ್ತಿ ಬಂದು ಪಕ್ಕದಲ್ಲಿ ಕೂತು ಬೆಲ್ಟು ಹಾಕಿಕೊಂಡರು. "ನಡಿ. ದಾರೀಲಿ ಏನೇನ್ ಕಾಣತ್ತೆ, ಹೇಳ್ತಾ ಹೋಗು."

ಹೇಳುತ್ತಾ ಹೋದೆ. ಅಂಗಡಿ ದಾಟಿತು, ಶಾಲೆ ದಾಟಿತು, ಕೆರೆಯ ತನಕ ಹೋಗಿ, ಒಂದು ಸುತ್ತು ಹಾಕಿ, ಹನ್ನೊಂದು ಗಂಟೆಗೆ ಮನೆಗೆ ಬಂದೆವು. ಹಾಲು ಮರೆತೇಹೋಗಿತ್ತು.